ಬಾಗಿಲ ರಂಗೋಲಿಗೆ ಸಮರಕಂದದ ನಕ್ಷೆ

ಜಕ್ಕೂರು

ನಮ್ಮ ಮನೆಯಲ್ಲಿ ಮುಂಬಾಗಿಲಿನ ರಂಗೋಲಿ ಹಿರಿಸೊಸೆಯದು, ತುಳಸಿಕಟ್ಟೆಯ ರಂಗೋಲಿ ಕಿರಿಸೊಸೆಯದು. ಈ ಹಂಚಿಕೆ ಮಾಡಿದವರು ನಮ್ಮತ್ತೆ. ಅವರು ತೀರಿಕೊಂಡು ಎಷ್ಟೋ ವರ್ಷವಾದರೂ ಹಂಚಿಕೆ ಬದಲಾಗಿಲ್ಲ. ಹಿರಿಸೊಸೆ ನಾನು, ಪದ್ಮಾವತಿ. ಕಿರಿಸೊಸೆ ನನ್ನ ಓರಗಿತ್ತಿ ಸರೋಜ.

ನಾನು ಯಲಹಂಕದ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿಯಾಗಿದ್ದವಳು. ಅದಕ್ಕೂ ಮೊದಲು ಹಾಸ್ಟೆಲಿನಲ್ಲಿ ಬೆಳೆದವಳು. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು. ನನ್ನ ರಂಗೋಲಿಯೂ ಅದೇ ಶಿಸ್ತಿನದು. ಮೊದಲು ಚುಕ್ಕಿ, ಮೈದಾನದಲ್ಲಿ ಮಕ್ಕಳನ್ನು ಒಂದು ಕೈ ದೂರದಲ್ಲಿ ನಿಲ್ಲಿಸಿದ ಹಾಗೆ. ಎಲ್ಲ ಸಾಲೂ ನೇರವಾಗಿದೆಯೆಂದು ನೋಡಿಕೊಂಡ ಮೇಲೆ ಎಳೆ. ಸರೋಜ ಚುಕ್ಕಿ ಇಡುವುದೇ ಇಲ್ಲ. ಕುಕ್ಕರಗಾಲಿನಲ್ಲಿ ಕೂತು ಎಲ್ಲಿಂದಲೋ ಒಂದು ಬಳ್ಳಿ ಶುರು ಮಾಡುತ್ತಾಳೆ, ಅದು ಎಲ್ಲೆಲ್ಲೋ ಸುತ್ತಾಡಿ ಕೊನೆಗೆ ಹೂವಾಗುತ್ತದೆ. ಮನೆಗೆ ಬಂದವರು ನನ್ನದನ್ನು ನೋಡಿ "ಎಷ್ಟು ನೀಟಾಗಿದೆ" ಎನ್ನುತ್ತಾರೆ. ಅವಳದನ್ನು ನೋಡಿ "ಅಯ್ಯೋ, ಎಷ್ಟು ಚೆನ್ನಾಗಿದೆ!" ಎನ್ನುತ್ತಾರೆ. ಆ "ಅಯ್ಯೋ" ನನಗೆ ಒಂದು ಸಲವೂ ಸಿಕ್ಕಿಲ್ಲ.

ನಮ್ಮ ಹಳೇ ಮನೆ ಇದ್ದ ಜಾಗದಲ್ಲೂ ಅದರ ಹಿಂದಿನ ಹೊಲದಲ್ಲೂ ಈಗ ಅಪಾರ್ಟ್‌ಮೆಂಟ್ ಎದ್ದಿದೆ. ಕಟ್ಟಿಸಿದವನು ಸರೋಜಳ ಮಗ ಹರೀಶ. ನಮಗಿಬ್ಬರಿಗೂ ಒಂದೊಂದು ಫ್ಲಾಟು ಕೊಟ್ಟ, ಅದರಲ್ಲಿ ತಕರಾರಿಲ್ಲ. ಆದರೆ ಅಷ್ಟು ದೊಡ್ಡ ಕಟ್ಟಡಕ್ಕೆ ಮುಂಬಾಗಿಲು ಒಂದೇ. ತುಳಸಿಕಟ್ಟೆಗೆ ನಕ್ಷೆಯಲ್ಲಿ ಜಾಗವೇ ಇಲ್ಲ. ತುಳಸಿ ಕುಂಡದಲ್ಲಿ ಬಾಲ್ಕನಿ ಸೇರಬೇಕು.

ಒಂದು ಸಂಜೆ ಹರೀಶ ಬಂದು ಕೂತ.

"ದೊಡ್ಡಮ್ಮ, ಬಾಗಿಲಿಂದ ಒಳಗ್ ಬಂದ ತಕ್ಷಣ ಹಾಲ್‌ನಲ್ಲಿ ಚೌಕವಾಗಿ ಜಾಗ ಬಿಡ್ಸಿದೀನಿ. ಅಲ್ಲಿ ಕಲ್ಲಲ್ಲೇ ಒಂದು ರಂಗೋಲಿ ಕೂರ್ಸೋಣ. ನೀವೂ ಬರೀರಿ, ಅಮ್ಮನೂ ಬರೀಲಿ. ಯಾವ್ದು ಚೆನ್ನಾಗಿರುತ್ತೋ ಅದು."

"ಯಾವ್ದು ಚೆನ್ನಾಗಿದೆ ಅಂತ ಹೇಳೋರು ಯಾರಪ್ಪ?"

"ನಾನೇ ದೊಡ್ಡಮ್ಮ, ಇನ್ಯಾರು?"

ಎದುರು ತಂಡದ ನಾಯಕಿಯ ಮಗನೇ ತೀರ್ಪುಗಾರ. ಇಂಥ ಪಂದ್ಯಕ್ಕೆ ನಾನು ನನ್ನ ಹುಡುಗಿಯರನ್ನು ಇಳಿಸುತ್ತಲೇ ಇರಲಿಲ್ಲ. ಸರೋಜ "ಆಯ್ತು ಬಿಡೋ" ಎಂದಷ್ಟೇ ಹೇಳಿ ಹುರುಳೀಕಾಯಿ ಸೋಸುವುದನ್ನು ಮುಂದುವರಿಸಿದಳು. ಗೆಲ್ಲುವ ಖಾತ್ರಿ ಇರುವವರು ಹಾಗೆಯೇ ಇರುತ್ತಾರೆ ಎಂದು ನಾನು ಅಂದುಕೊಂಡೆ.

ಹರೀಶ ಟೈಲ್ಸ್ ವ್ಯವಹಾರಕ್ಕೆಂದು ಉಜ್ಬೇಕಿಸ್ತಾನಕ್ಕೆ ಹೋಗಿ ಬಂದಿದ್ದ. "ಬರೆಯೋ ಮುಂಚೆ ಇಬ್ರೂ ಸಮರಕಂದ, ಬುಖಾರಾ ನೋಡ್ಕೊಂಡ್ ಬನ್ನಿ. ರಂಗೋಲಿ ಅಂದ್ರೇನು ಅಂತ ಅಲ್ಲಿ ಗೊತ್ತಾಗುತ್ತೆ" ಎಂದ. ನಲವತ್ತು ವರ್ಷ ರಂಗೋಲಿ ಬಿಟ್ಟವಳಿಗೆ ಹೇಳುವ ಮಾತೇ ಇದು? ನಮ್ಮ ಯಜಮಾನರು ಮಂಡಿನೋವು ಎಂದರು. ಮೈದುನ ಕ್ರಿಕೆಟ್ ಇದೆ ಎಂದ. ಹೀಗೆ ನಾವಿಬ್ಬರೇ ಹೊರಟೆವು.

ತಾಷ್ಕೆಂಟ್: ವಿಮಾನ ನಿಲ್ದಾಣ

ಬೇರೆಯವರು ಪರದೇಶಕ್ಕೆ ಉಪ್ಪಿನಕಾಯಿ, ಚಟ್ನಿಪುಡಿ ಒಯ್ಯುತ್ತಾರೆ. ನಾನು ರಂಗೋಲಿ ಪುಡಿ ಒಯ್ದೆ. ಯಾವ ಊರಿನಲ್ಲಿ ಮಲಗಿದ್ದರೂ ಬೆಳಗ್ಗೆ ಎದ್ದು ಕೋಣೆಯ ಬಾಗಿಲಿಗೆ ನಾಲ್ಕೆಳೆ ಎಳೆಯದೆ ಕಾಫಿ ಕುಡಿದವಳಲ್ಲ.

ಬಿಳಿ ಪುಡಿ, ಪ್ಲಾಸ್ಟಿಕ್ ಚೀಲ, ಗಂಟು ಹಾಕಿದ ಬಾಯಿ. ಅದು ನೋಡುವವರಿಗೆ ಹೇಗೆ ಕಾಣುತ್ತದೆಂದು ಜಕ್ಕೂರಿನಲ್ಲಿ ನನಗೆ ಹೊಳೆದಿರಲಿಲ್ಲ. ತಾಷ್ಕೆಂಟಿನಲ್ಲಿ ನಮ್ಮ ಚೀಲ ಯಂತ್ರದೊಳಗಿಂದ ಹೊರಬಂದ ಕೂಡಲೇ ಸಮವಸ್ತ್ರದ ಅಧಿಕಾರಿಯೊಬ್ಬರು ನಮ್ಮನ್ನು ಪಕ್ಕದ ಉಕ್ಕಿನ ಮೇಜಿಗೆ ಕರೆದೊಯ್ದರು.

ನಾನು ನೆಟ್ಟಗೆ ನಿಂತು ಇಂಗ್ಲಿಷಿನಲ್ಲಿ ವಿವರಿಸಿದೆ. ಕಲ್ಲಿನ ಪುಡಿ. ತಿನ್ನುವುದಲ್ಲ. ನೆಲಕ್ಕೆ. ದಿನಾ ಬೆಳಗ್ಗೆ. ಒಂದೊಂದು ಮಾತಿಗೂ ಅವರ ಮುಖ ಬಿಗಿಯಾಗುತ್ತಾ ಹೋಯಿತು. ಸರಿ, ಬರೆದೇ ತೋರಿಸೋಣವೆಂದು ಪೆನ್ನು ತೆಗೆದು ಕಾಗದದ ಮೇಲೆ ಚುಕ್ಕಿ ಇಡತೊಡಗಿದೆ. ನಡುವೆ ಹದಿನೈದು, ಅಲ್ಲಿಂದ ಎರಡೂ ಕಡೆಗೆ ಇಳಿಯುತ್ತಾ ಎಂಟು. ಕಾಗದದ ತುಂಬ ಸಾಲು ಸಾಲು ಚುಕ್ಕಿ ನೋಡಿ, ಇದೇನೋ ಗುಪ್ತ ಸಂಕೇತವಿರಬೇಕೆಂದು ಆತ ಇನ್ನೊಬ್ಬ ಅಧಿಕಾರಿಯನ್ನು ಕರೆದರು.

ಆಗ ಸರೋಜ, "ಸರೀರಿ ಅಕ್ಕಾ" ಎಂದು ನನ್ನನ್ನು ಪಕ್ಕಕ್ಕೆ ಸರಿಸಿ, ಚೀಲಕ್ಕೆ ಕೈ ಹಾಕಿ ಒಂದು ಚಿಟಿಕೆ ಪುಡಿ ತೆಗೆದಳು. ಇಬ್ಬರು ಅಧಿಕಾರಿಗಳೂ "ಹೇ" ಎನ್ನುವಷ್ಟರಲ್ಲಿ ಆ ಉಕ್ಕಿನ ಮೇಜಿನ ಮೇಲೆ ಒಂದು ಬಳ್ಳಿ ಹರಿಯಿತು, ಬಳ್ಳಿಯ ತುದಿಯಲ್ಲಿ ಕಮಲ ಅರಳಿತು. ಮೊದಲಿನವರು ನಕ್ಕುಬಿಟ್ಟರು. ಎರಡನೆಯವರು ಫೋನು ತೆಗೆದು ಚಿತ್ರ ಹಿಡಿದರು. ನೆಲ ಒರೆಸುತ್ತಿದ್ದ ಹೆಂಗಸು ಬಂದು ನೋಡಿ ಸರೋಜಳ ಕೆನ್ನೆ ತಟ್ಟಿದಳು. "ಹಿಂದಿಸ್ತಾನ್! ಹಿಂದಿಸ್ತಾನ್!" ಎಂದರು ಎಲ್ಲರೂ. ನನ್ನ ಚುಕ್ಕಿ ಕಾಗದ ಮೇಜಿನ ಕೆಳಗೆ ಬಿದ್ದಿತ್ತು.

ನಮ್ಮನ್ನು ಬಿಟ್ಟರು. ಪುಡಿಯನ್ನು ಮಾತ್ರ ಇಟ್ಟುಕೊಂಡರು.

"ಹೋಗ್ಲಿ ಬಿಡಿ ಅಕ್ಕಾ, ಅವ್ರ ಮನೆ ಬಾಗಿಲಿಗೆ ಹಾಕ್ಕೊಳ್ಲಿ" ಎಂದಳು ಸರೋಜ. ಪುಡಿ ಹೋಯಿತೆನ್ನುವುದಕ್ಕಿಂತ, ಪಾರು ಮಾಡಿದ್ದು ಅವಳ ಬಳ್ಳಿಯಾಯಿತಲ್ಲಾ ಎನ್ನುವುದು ರೈಲು ಹತ್ತುವವರೆಗೂ ನನ್ನನ್ನು ಚುಚ್ಚುತ್ತಿತ್ತು.

ಸಮರಕಂದ: ಮೂರು ಮದರಸಾಗಳ ಚೌಕ

ಸಮರಕಂದದ ನಿಲ್ದಾಣದಲ್ಲಿ ನಮಗಾಗಿ ಕಾದಿದ್ದವರು ಗೈಡ್ ನಿಗೋರಾ, ನಲವತ್ತೈದರ ಆಸುಪಾಸಿನ ಹೆಂಗಸು. ಚರಿತ್ರೆ ಓದಿದವರು, ಹಿಂದಿ ಸಿನಿಮಾ ನೋಡಿ ನೋಡಿ ಹಿಂದಿ ಕಲಿತವರು. ನಾನು ಪರೀಕ್ಷೆ ಕಟ್ಟಿ ಪಾಸಾದ ಹಿಂದಿ ಅವರಿಗೆ ಅರ್ಥವಾಗಲಿಲ್ಲ. ಸರೋಜ ಹುಟ್ಟಿ ಬೆಳೆದದ್ದು ಆರ್.ಟಿ. ನಗರದಲ್ಲಿ, ಅಕ್ಕಪಕ್ಕದ ಉರ್ದು ಮನೆಗಳ ಹುಡುಗಿಯರ ಜೊತೆ ಕುಂಟೆಬಿಲ್ಲೆ ಆಡಿಕೊಂಡು. ಅವಳ ಮಾತಿಗೆ ವ್ಯಾಕರಣವೆಂಬುದೇ ಇಲ್ಲ. ಅದು ಮಾತ್ರ ಪೂರಾ ಅರ್ಥವಾಯಿತು. ಟ್ಯಾಕ್ಸಿಯಲ್ಲಿ ಅವರಿಬ್ಬರೂ ಹಿಂದೆ ಕೂತು ಸೊಸೆಯಂದಿರ ವಿಷಯ ಮಾತಾಡುತ್ತಿದ್ದರು. ನಾನು ಮುಂದೆ ಕೂತು ಸೀಟ್ ಬೆಲ್ಟ್ ಸರಿಮಾಡಿಕೊಳ್ಳುತ್ತಿದ್ದೆ.

ಇಳಿದು ನಿಂತದ್ದು ರೆಗಿಸ್ತಾನದ ಎದುರು. ದೊಡ್ಡ ಕಲ್ಲುಹಾಸಿನ ಚೌಕ. ಮೂರು ಕಡೆ ಮೂರು ಮದರಸಾ, ಒಂದು ಕಡೆ ಬಯಲು. ಒಂದೊಂದು ಮದರಸಾದ ಮುಂದೂ ಕತ್ತು ನೋಯುವಷ್ಟು ಎತ್ತರದ ಕಮಾನು. ಹಿಂದಿನ ಕಟ್ಟಡಕ್ಕಿಂತ ಮುಂದಿನ ಕಮಾನೇ ದೊಡ್ಡದು. ನಮ್ಮ ಅಮೃತಹಳ್ಳಿಯ ಕಡೆಯ ಬಡಾವಣೆಗಳಲ್ಲೂ ಹಾಗೆಯೇ, ನಾಲ್ಕು ಸೈಟಿಗೆ ಒಂದು ಭಾರೀ ಸ್ವಾಗತ ಕಮಾನು. ಅದರೊಳಗೆ ಹೋದರೆ ಅಗೆದ ರಸ್ತೆ. ಇಲ್ಲಿ ಒಳಗೆ ಹೋದರೆ ತಂಪಾದ ಅಂಗಳ, ಅಂಗಳದ ಸುತ್ತ ಎರಡಂತಸ್ತಿನ ಚಿಕ್ಕ ಚಿಕ್ಕ ಕೋಣೆಗಳು, ಒಂದೊಂದರ ಮುಂದೂ ಚಿಕ್ಕ ಕಮಾನು. ಓದುವ ಹುಡುಗರ ಹಾಸ್ಟೆಲಂತೆ. ನಮ್ಮ ಹಾಸ್ಟೆಲಿನ ತಗಡಿನ ಛಾವಣಿ ನೆನಪಾಗಿ ಆರು ಶತಮಾನ ಹಿಂದಿನ ಆ ಹುಡುಗರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಗೋಡೆಗಳೆಲ್ಲ ನೀಲಿ. ಗಾಢ ನೀಲಿ, ತಿಳಿ ನೀಲಿ, ಹಸಿರಿಗೆ ತಿರುಗಿದ ನೀಲಿ, ನಡುವೆ ಮಣ್ಣಿನ ಬಣ್ಣದ ಇಟ್ಟಿಗೆ. ಸುತ್ತಲಿನ ನೆಲವೆಲ್ಲ ಒಣಗಿದ ಕಂದು. ನೀರನ್ನೂ ಆಕಾಶವನ್ನೂ ಗೋಡೆಗೆ ಹತ್ತಿಸಿಕೊಂಡಿದ್ದಾರೆ ಎನ್ನಿಸಿತು.

"ಇಷ್ಟು ದೊಡ್ಡ ಗೋಡೆ, ಒಂದು ದೇವರಿಲ್ಲ, ಒಂದು ಆನೆ ಇಲ್ಲ, ಒಂದು ಹೆಣ್ಣಿಲ್ಲ. ಏನಿಟ್ಟು ತುಂಬಿಸಿದ್ರು ಇದನ್ನ?" ಎಂದು ಸರೋಜ ಕೇಳಿದಳು. ಬೇಲೂರಿನ ಗೋಡೆ ಅವಳ ಮನಸ್ಸಿನಲ್ಲಿದ್ದಿರಬೇಕು. ಅಲ್ಲಿ ಅಂಗೈ ಅಗಲ ಜಾಗ ಸಿಕ್ಕರೂ ಶಿಲ್ಪಿ ಒಂದು ಜೀವವನ್ನು ಕೂರಿಸಿದ್ದಾನೆ.

ನಿಗೋರಾ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. "ಪ್ರಾರ್ಥನೆಯ ಜಾಗದಲ್ಲಿ ಮನುಷ್ಯರನ್ನೂ ಪ್ರಾಣಿಗಳನ್ನೂ ಬರೆಯಬಾರದು ಎಂಬ ಸಂಪ್ರದಾಯ ಬೆಳೆಯಿತು. ಆದರೆ ಕುಶಲಕರ್ಮಿಯ ಕೈ ಸುಮ್ಮನಿರುತ್ತದೆಯೇ? ಅದಕ್ಕೆ ಮೂರು ದಾರಿ ಸಿಕ್ಕಿತು. ಒಂದು ಗೆರೆ, ಅಂದರೆ ನಕ್ಷತ್ರಗಳು, ಬಹುಭುಜಗಳು. ಇನ್ನೊಂದು ಬಳ್ಳಿ. ಮೂರನೆಯದು ಅಕ್ಷರ. ಸ್ಪೇನಿನಿಂದ ನಿಮ್ಮ ದೆಹಲಿಯವರೆಗೆ ಎಲ್ಲಿಗೆ ಹೋದರೂ ಈ ಮೂರೇ. ಸೇರಿಸುವ ರೀತಿ ಮಾತ್ರ ಊರೂರಿಗೂ ಬೇರೆ."

ಗೆರೆ ಎಂದರೆ ನಾನು, ಬಳ್ಳಿ ಎಂದರೆ ಅವಳು. ಪಂದ್ಯ ಇಲ್ಲಿಯೂ ನಡೆಯುತ್ತಿದೆಯೆಂದು ನನಗೆ ಖುಷಿಯಾಯಿತು.

ಮೂರರಲ್ಲಿ ಹಳೆಯದಾದ ಮದರಸಾದ ಕಮಾನಿನ ಮೇಲೆಲ್ಲ ನಕ್ಷತ್ರಗಳು. ನಾನು ಅದರ ಬುಡದಲ್ಲಿ ನಿಂತು ತಪ್ಪು ಹುಡುಕಿದೆ. ಸಾಮೂಹಿಕ ಕವಾಯತಿನಲ್ಲಿ ಐನೂರು ಮಕ್ಕಳು ನಿಂತಿದ್ದರೂ ಸಾಲು ತಪ್ಪಿದ ಒಂದು ಮಗು ನನ್ನ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಇಲ್ಲಿ ಒಂದೂ ಬೀಳಲಿಲ್ಲ. ಒಂದು ನಕ್ಷತ್ರದ ಕೈಯಿಂದ ಹೊರಟ ಪಟ್ಟಿ ಇನ್ನೊಂದರ ಮೇಲೆ ಹಾದು, ಮತ್ತೊಂದರ ಕೆಳಗೆ ನುಸುಳಿ, ಎಲ್ಲೂ ತುಂಡಾಗದೆ ಗೋಡೆಯ ಅಂಚಿನವರೆಗೂ ಹೋಗುತ್ತದೆ. "ಕಳೆದ ಶತಮಾನದಲ್ಲಿ ರಿಪೇರಿ ಮಾಡಿದ ಭಾಗ ಬಹಳ ಇದೆ" ಎಂದು ನಿಗೋರಾ ಪ್ರಾಮಾಣಿಕವಾಗಿ ಹೇಳಿದರು. ಇರಲಿ. ರಿಪೇರಿಯವರೂ ಸಾಲು ತಪ್ಪಿಸಿಲ್ಲ.

"ಅಕ್ಕಾ, ಇಲ್ಬನ್ನಿ, ಬೇಗ!" ಎಂದು ಸರೋಜ ಕೂಗಿದಳು. ಎದುರಿನ ಮದರಸಾದ ಕಮಾನಿನ ಮೇಲೆ ಎರಡು ಹುಲಿ, ಅವುಗಳ ಬೆನ್ನ ಮೇಲೆ ಕಣ್ಣು ಮೂಗು ಇರುವ ಸೂರ್ಯ, ಮುಂದೆ ಓಡುತ್ತಿರುವ ಬಿಳಿ ಜಿಂಕೆ.

"ಪ್ರಾಣಿ ಬರೀಬಾರ್ದು ಅಂದ್ರಲ್ಲ, ಇದೇನು?" ಎಂದೆ ನಾನು.

"ನಿಯಮ ಇದ್ದಲ್ಲಿ ಮೀರುವವರೂ ಇರುತ್ತಾರೆ" ಎಂದು ನಿಗೋರಾ ನಕ್ಕರು. "ಇದು ಇನ್ನೂರು ವರ್ಷ ಆಮೇಲಿನದು. ಜನ ನೋಡಲು ಬರುವುದು ಇದನ್ನೇ."

ಅದು ನಿಜವಾಗಿತ್ತು. ನನ್ನ ನಕ್ಷತ್ರಗಳ ಕೆಳಗೆ ಯಾರೂ ಇರಲಿಲ್ಲ. ಎಲ್ಲರೂ ಹುಲಿಯ ಕೆಳಗೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಸರೋಜ ಆ ಹುಲಿಗೆ ಕೈಬೀಸಿದಳು.

ಸಮರಕಂದ: ಗೋರಿಗಳ ಬೀದಿ

ಮಾರನೆಯ ದಿನ ನೋಡಿದ್ದು ಶಾಹಿ ಜಿಂದಾ. ದಿಣ್ಣೆಯ ಮೇಲೆ ಒಂದು ಓಣಿ, ಎರಡೂ ಬದಿಗೆ ರಾಜಮನೆತನದವರ ಗೋರಿಗಳು. ದೆಹಲಿಯನ್ನು ಸೂರೆ ಮಾಡಿ ಹೋದ ದೊರೆಯ ಮನೆಯ ಹೆಂಗಸರೇ ಹೆಚ್ಚು. ನಮ್ಮ ಹಳೇ ಜಕ್ಕೂರಿನ ಓಣಿಯಷ್ಟೇ ಅಗಲ. ಅಲ್ಲಿ ಎರಡೂ ಬದಿಯ ಜಗಲಿಯ ಮೇಲೆ ಜೀವಂತ ಹೆಂಗಸರು ಕೂತು ಬಂದುಹೋಗುವವರ ಬಗ್ಗೆ ಮಾತಾಡುತ್ತಿದ್ದರು. ಇಲ್ಲಿ ಎಲ್ಲರೂ ಮಲಗಿದ್ದಾರೆ, ಮಾತೆಲ್ಲ ಗೋಡೆಗಳದು.

ನಾನು ಬಹಳ ಹಿಂದೆ ಬಾಲಕಿಯರ ಖೋ ಖೋ ತಂಡವನ್ನು ಬೀದರಿಗೆ ಕರೆದೊಯ್ದಿದ್ದೆ. ಅಲ್ಲಿನ ಹಳೇ ಮದರಸಾದ ಮುಖದ ಮೇಲೆ ಅಲ್ಲಲ್ಲಿ ಉಳಿದಿದ್ದ ನೀಲಿ ಹೆಂಚಿನ ಚೂರುಗಳನ್ನು ನೋಡಿ, ಇದೆಂಥ ತೇಪೆ ಎಂದುಕೊಂಡಿದ್ದೆ. ಆ ತೇಪೆ ಯಾವ ಸೀರೆಯದೆಂದು ಇಲ್ಲಿ ತಿಳಿಯಿತು. ಇಡೀ ಸೀರೆ ಇಲ್ಲಿ ಇವರ ಬಳಿ ಇದೆ, ನಮಗೆ ಉಳಿದದ್ದು ಚಿಂದಿ. ಈ ಅಸೂಯೆ ಸರೋಜಳ ಮೇಲಿನದಕ್ಕಿಂತ ದೊಡ್ಡದು; ಹಾಗಾಗಿ ಅಷ್ಟು ಚುಚ್ಚಲಿಲ್ಲ.

ನಿಗೋರಾ ನನ್ನನ್ನು ಒಂದು ಗೋಡೆಯ ಬಳಿ ನಿಲ್ಲಿಸಿ, ಆ ನಕ್ಷತ್ರಗಳನ್ನು ಹೇಗೆ ಬರೆಯುತ್ತಾರೆಂದು ಹೇಳಿದರು. ಕೈವಾರ ಮತ್ತು ಪಟ್ಟಿ, ಇಷ್ಟೇ ಸಾಧನ. ಮೊದಲು ವೃತ್ತ, ವೃತ್ತಕ್ಕೆ ವೃತ್ತ ತಾಗಿಸಿ ಇಡೀ ಕಾಗದ ತುಂಬುವ ಬಲೆ. ಬಲೆಯ ಗಂಟುಗಳನ್ನು ಸೇರಿಸಿದರೆ ನಕ್ಷತ್ರ. ಆಮೇಲೆ ಬಲೆಯನ್ನು ಅಳಿಸಿಬಿಡುತ್ತಾರೆ.

"ಅಳಿಸೋದ್ಯಾಕೆ?" ಎಂದೆ. ನಾನು ಚುಕ್ಕಿಗಳನ್ನು ಯಾವತ್ತೂ ಅಳಿಸಿದವಳಲ್ಲ. ಎಷ್ಟು ಶ್ರಮವಾಗಿದೆಯೆಂದು ನೋಡುವವರಿಗೆ ಗೊತ್ತಾಗಬೇಡವೇ?

"ಮನೆ ಕಟ್ಟಿದ ಮೇಲೆ ಸಾರವೆ ಬಿಚ್ಚುವುದಿಲ್ಲವೇ?" ಎಂದರು ನಿಗೋರಾ.

ನಕ್ಷತ್ರದ ಹೊಟ್ಟೆಯೊಳಗೆಲ್ಲ ಬಳ್ಳಿ ತುಂಬಿತ್ತು, ಉಗುರಿನಷ್ಟು ಚಿಕ್ಕ ಎಲೆಗಳು. ನಾನು ಸರೋಜಳನ್ನು ಕರೆದೆ.

"ನೋಡೇ, ಗೆರೆ ಇಲ್ದೆ ಬಳ್ಳಿ ನಿಲ್ಲಲ್ಲ. ಮೊದ್ಲು ಗೆರೆ. ಅದು ಜಾಗ ಕೊಟ್ರೆ ಬಳ್ಳಿ ಒಳಗ್ ಬರುತ್ತೆ."

"ಹೌದಕ್ಕಾ" ಎಂದಳು ಸರೋಜ, ಗೋಡೆಗೆ ಮೂಗು ತಾಗಿಸಿಕೊಂಡು. "ಆದ್ರೆ ನೋಡೋರು ಬಳ್ಳೀನೇ ನೋಡ್ತಾರೆ ಅಲ್ವಾ?"

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ತಿರುಗಿ ಕೊಡಬಹುದಿತ್ತು.

ಸಂಜೆ ಇಬ್ಬರೂ ಮನೆಯವರ ವಾಟ್ಸಾಪ್ ಗುಂಪಿಗೆ ಚಿತ್ರ ಕಳಿಸಿದೆವು. ನಾನು ನಕ್ಷತ್ರ, ಅವಳು ಬಳ್ಳಿ ಮತ್ತು ಹುಲಿ. ಹರೀಶ ನನ್ನದಕ್ಕೆ ಹೆಬ್ಬೆರಳು ಹಾಕಿದ. ಅವಳದಕ್ಕೆ ಹೃದಯ ಹಾಕಿ, "ಅಮ್ಮಾ ಸೂಪರ್, ಇಂಥದ್ದೇ ಬರಿ" ಎಂದೂ ಬರೆದ. ಯಲಹಂಕದಿಂದ ನನ್ನ ಸ್ವಂತ ಮಗಳೂ ಹುಲಿಗೇ ಹೃದಯ ಹಾಕಿದ್ದಳು. ಮುಂಬಾಗಿಲು ಕೈತಪ್ಪಿತು ಎಂದುಕೊಂಡು ಮಲಗಿದೆ.

ಬುಖಾರಾ: ಇಟ್ಟಿಗೆಯ ಗೋರಿ

ಬುಖಾರಾದ ಒಂದು ಉದ್ಯಾನದ ನಡುವೆ, ನಮ್ಮ ಹಳ್ಳಿಯ ಕಡೆ ಒಂದು ಸಾಧಾರಣ ಗುಡಿಯಿರುವಷ್ಟೇ ದೊಡ್ಡ ಗೋರಿಯೊಂದಿದೆ. ಚೌಕಾಕಾರದ ಕೋಣೆ, ಮೇಲೊಂದು ಗುಮ್ಮಟ. ಬಣ್ಣವೇ ಇಲ್ಲ. ಬರೀ ಸುಟ್ಟ ಇಟ್ಟಿಗೆ.

"ಇದ್ಕಾ ಅಷ್ಟು ದೂರ ರೈಲಲ್ಲಿ ಬಂದ್ವಿ?" ಎಂದಳು ಸರೋಜ. "ಬಣ್ಣ ಬಳಿಯೋದ್ ಮರ್ತ್‌ಬಿಟ್ಟಿದಾರೆ."

ನಾನು ಗೋಡೆಯ ಕಡೆ ನಡೆದೆ. ಹತ್ತಿರ ಹೋದ ಹಾಗೆಲ್ಲ ಆ ಇಟ್ಟಿಗೆಗಳು ಅಲುಗಾಡಿದಂತೆ ಕಂಡವು. ಕೆಲವನ್ನು ಮಲಗಿಸಿದ್ದಾರೆ, ಕೆಲವನ್ನು ನಿಲ್ಲಿಸಿದ್ದಾರೆ, ಕೆಲವನ್ನು ಓರೆ ಮಾಡಿ ಚೂರೇ ಮುಂದಕ್ಕೆ ತಳ್ಳಿದ್ದಾರೆ. ಬುಟ್ಟಿಯ ಹೆಣಿಗೆಯ ಹಾಗೆ ಇಡೀ ಗೋಡೆ. ಬಿಸಿಲು ಸರಿದರೆ ನೆರಳು ಸರಿದು ಹೆಣಿಗೆಯೇ ಬದಲಾಗುತ್ತದೆ. ಬಣ್ಣದ ಹಂಗಿಲ್ಲದೆ, ಹೂವಿನ ಹಂಗಿಲ್ಲದೆ, ನಿಂತ ಕ್ರಮವೊಂದರಿಂದಲೇ ಬಂದ ಚೆಲುವು.

ನಿಗೋರಾ ಹೇಳಿದರು: "ಇದು ನಿನ್ನೆ ಮೊನ್ನೆ ನೋಡಿದ ನೀಲಿ ಗೋಡೆಗಳಿಗಿಂತ ನಾಲ್ಕು ಶತಮಾನ ಹಳೆಯದು. ಇಲ್ಲಿ ಮೊದಲು ಬರೀ ಇಟ್ಟಿಗೆಯ ಆಟ. ಆಮೇಲೆ ಇಟ್ಟಿಗೆಯ ನಡುವೆ ಚೂರು ಚೂರು ನೀಲಿ ಬಂತು. ಈ ಊರಿನ ದೊಡ್ಡ ಮಿನಾರಿನಲ್ಲಿ ನೋಡಿ, ಅಷ್ಟೆತ್ತರಕ್ಕೂ ಒಂದೇ ಒಂದು ನೀಲಿ ಪಟ್ಟಿ. ಮುಂದೆ ಅದೇ ನೀಲಿ ಹಬ್ಬಿ ಹಬ್ಬಿ ಇಟ್ಟಿಗೆಯನ್ನೇ ನುಂಗಿತು."

ಅಂದರೆ ಗೆರೆ ಹಿರಿಸೊಸೆ, ಬಣ್ಣದ ಬಳ್ಳಿ ಆಮೇಲೆ ಬಂದ ಕಿರಿಸೊಸೆ. ನಾನಿದನ್ನು ಗಟ್ಟಿಯಾಗಿಯೇ ಹೇಳಿದೆ. "ಹಾಗೇನಿಲ್ಲ, ಬೇರೆ ಊರುಗಳಲ್ಲಿ ಗಾರೆಯ ಬಳ್ಳಿ ಇದಕ್ಕಿಂತಲೂ ಹಳೆಯದಿದೆ" ಎಂದು ನಿಗೋರಾ ತಿದ್ದಲು ನೋಡಿದರು. ಬೇರೆ ಊರು ನಮ್ಮ ಪ್ರವಾಸದಲ್ಲಿರಲಿಲ್ಲ.

ಒಳಗೆ ಹೋಗಿ ಮೇಲೆ ನೋಡಿದೆ. ಚೌಕದ ಮೇಲೆ ದುಂಡು ಗುಮ್ಮಟ ಕೂರುವುದು ಹೇಗೆ? ನಾಲ್ಕು ಮೂಲೆಗೂ ಅಡ್ಡಲಾಗಿ ಒಂದೊಂದು ಕಮಾನು ಹಾಕಿದ್ದಾರೆ, ಚೌಕ ಎಂಟು ಬದಿಯದಾಗಿದೆ. ಎಂಟನ್ನು ಹದಿನಾರು ಮಾಡಿದ್ದಾರೆ, ಹದಿನಾರು ವೃತ್ತವಾಗಿದೆ. ಸ್ವಾತಂತ್ರ್ಯ ದಿನದ ಕವಾಯತಿನಲ್ಲಿ ಚೌಕವಾಗಿ ನಿಂತ ಮಕ್ಕಳನ್ನು ಗಲಿಬಿಲಿಯಿಲ್ಲದೆ ವೃತ್ತಕ್ಕೆ ತರಲು ನಾನೂ ಇದನ್ನೇ ಮಾಡುತ್ತಿದ್ದೆ. ಮೊದಲು ಮೂಲೆಯವರು ಒಳಗೆ. ವಿಜಯಪುರದ ಗೋಲಗುಮ್ಮಟಕ್ಕೆ ಎಷ್ಟು ಸಲ ಶಾಲಾ ಪ್ರವಾಸ ಹೋಗಿದ್ದೇನೆ. ಕೂಗಬೇಡಿ ಎಂದು ಸೀಟಿ ಊದುವುದು, ಆ ಸೀಟಿಯೇ ಮತ್ತೆ ಮತ್ತೆ ಕೂಗುವುದು, ಇದರಲ್ಲೇ ಹೊತ್ತು ಹೋಗುತ್ತಿತ್ತು. ಆ ಗುಮ್ಮಟ ಗೋಡೆಯ ಮೇಲೆ ಹೇಗೆ ಕೂತಿದೆಯೆಂದು ಕತ್ತೆತ್ತಿ ನೋಡಿರಲಿಲ್ಲ.

ಅಂದು ಸಂಜೆ ತಂಗುಮನೆಯ ಕೋಣೆಯಲ್ಲಿ ಕೂತು ನಾನು ನನ್ನ ನಕ್ಷೆ ಬರೆದೆ. ಹೊರಗೆ ಚೌಕ, ಚೌಕದಿಂದ ಎಂಟು, ಎಂಟರಿಂದ ಹದಿನಾರು ಕೈಯ ನಕ್ಷತ್ರ, ನಡುವೆ ವೃತ್ತ. ಬಣ್ಣ ಎರಡೇ, ಬೂದು ಮತ್ತು ಬಿಳಿ. ಸರೋಜ ಇಣುಕಿ ನೋಡಿ, "ಚೆನ್ನಾಗಿದೆ ಅಕ್ಕಾ" ಎಂದು ಮಲಗಿಬಿಟ್ಟಳು. ಅವಳ ನಕ್ಷೆ ನನಗೆ ಕಾಣಲಿಲ್ಲ. ಬಚ್ಚಿಟ್ಟಿದ್ದಾಳೆ ಎಂದುಕೊಂಡೆ.

ಬುಖಾರಾ: ಅಂಗಳ

ನಾವಿದ್ದ ತಂಗುಮನೆ ಒಂದು ಕುಟುಂಬದ್ದು. ನಡುವೆ ಇಟ್ಟಿಗೆ ಹಾಸಿದ ಅಂಗಳ, ಅದರಲ್ಲೊಂದು ಹಿಪ್ಪುನೇರಳೆ ಮರ. ನಡೆಸುತ್ತಿದ್ದವಳು ಸೊಸೆ. ಅವಳ ಅತ್ತೆ ತಲೆಗೆ ವಸ್ತ್ರ ಕಟ್ಟಿದ ಗಟ್ಟಿ ಮುದುಕಿ. ದಿನವಿಡೀ ಅಂಗಳದ ಕಟ್ಟೆಯ ಮೇಲೆ ಕೂತು ಎಲ್ಲರನ್ನೂ ವಿಚಾರಿಸಿಕೊಳ್ಳುತ್ತಿದ್ದರು. ಅವರನ್ನು ಎಲ್ಲರೂ ಬೀಬಿ ಎನ್ನುತ್ತಿದ್ದರು.

ಬೆಳಗ್ಗೆ ಎಲ್ಲರಿಗಿಂತ ಮೊದಲು ಎಚ್ಚರವಾಯಿತು. ಕೈ ಕಡಿಯುತ್ತಿತ್ತು. ಅಷ್ಟು ಚೊಕ್ಕಟವಾದ ಅಂಗಳ, ರಂಗೋಲಿಯಿಲ್ಲ. ಪುಡಿ ತಾಷ್ಕೆಂಟಿನಲ್ಲಿ. ಅಡುಗೆಮನೆಯ ಕಟ್ಟೆಯ ಮೇಲೆ ಬೋಗುಣಿಯಲ್ಲಿ ಹಿಟ್ಟು ಮುಚ್ಚಿಟ್ಟಿದ್ದರು. ನಮ್ಮ ಅಜ್ಜಿಯರು ಹಬ್ಬದ ದಿನ ಅಕ್ಕಿಹಿಟ್ಟಿನಲ್ಲೇ ರಂಗೋಲಿ ಬಿಡುತ್ತಿದ್ದರಲ್ಲ, ಎದ್ದ ಮೇಲೆ ಹೇಳಿದರಾಯಿತು ಎಂದು ಒಂದು ಬಟ್ಟಲು ತುಂಬಿಕೊಂಡೆ. ಬಾಗಿಲ ಎದುರಿಗೆ ನೀರು ಚಿಮುಕಿಸಿ, ಒಣಗುವವರೆಗೆ ಕಾದು, ಚುಕ್ಕಿ ಇಟ್ಟೆ. ಹದಿನಾರು ಕೈಯ ನಕ್ಷತ್ರವನ್ನು ಪೂರ್ತಿ ಎಳೆದೆ. ಅಷ್ಟು ಚೆನ್ನಾದ ರಂಗೋಲಿಯನ್ನು ನಾನು ಜನ್ಮದಲ್ಲಿ ಬಿಟ್ಟಿರಲಿಲ್ಲ. ಈಗ ಬರಲಿ ಎಲ್ಲರೂ, ನೋಡಲಿ ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತೆ.

ಬೀಬಿ ಬಂದರು. ಕೆಳಗೆ ನೋಡಿದರು. ಕೈ ಬಾಯಿಗೆ ಹೋಯಿತು. ಹೊಗಳಿಕೆಯೆಂದೇ ನಾನು ತಿಳಿದೆ. ಅವರು ಬಾಗಿ, ಬೆರಳಿನಿಂದ ಹಿಟ್ಟನ್ನು ಮುಟ್ಟಿ, ಅದನ್ನು ಹಣೆಗೆ ಒತ್ತಿಕೊಂಡರು. ಆಮೇಲೆ ಮೊಣಕಾಲೂರಿ ಕೂತು, ಅಂಗೈಯ ಅಂಚಿನಿಂದ ನನ್ನ ನಕ್ಷತ್ರವನ್ನು ಒಂ‌ದೊಂದೇ ಕೈಯಾಗಿ ಬಳಿದು ತಮ್ಮ ಮಡಿಲಿಗೆ ಹಾಕಿಕೊಳ್ಳತೊಡಗಿದರು. ಬೈಯಲಿಲ್ಲ. ಕಣ್ಣಲ್ಲಿ ನೀರಿತ್ತು.

ಸೊಸೆ ಓಡಿ ಬಂದು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಹಿಟ್ಟು, ರೊಟ್ಟಿ, ಕಾಲ ಕೆಳಗೆ ಬರಬಾರದು. ದಾರಿಯಲ್ಲಿ ರೊಟ್ಟಿಯ ತುಣುಕು ಬಿದ್ದಿದ್ದರೂ ಅವರು ಎತ್ತಿ ಎತ್ತರದ ಜಾಗದಲ್ಲಿ ಇಡುತ್ತಾರೆ. ನಾನು ಹಿಟ್ಟನ್ನು ಬಾಗಿಲಲ್ಲೇ, ತುಳಿಯುವ ಜಾಗದಲ್ಲೇ ಚೆಲ್ಲಿದ್ದೆ. ಅಟೆನ್ಷನ್‌ನಲ್ಲಿ ನಿಂತವಳ ಹಾಗೆ ನಿಂತುಬಿಟ್ಟೆ.

ಸದ್ದಿಗೆ ಸರೋಜ ಎದ್ದು ಬಂದಳು, ಕೂದಲು ಕೆದರಿಕೊಂಡು. ಏನಾಯಿತೆಂದು ಕೇಳಲೂ ಇಲ್ಲ. ಬೀಬಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ತಾನೂ ಹಿಟ್ಟು ಬಳಿಯತೊಡಗಿದಳು. ಬಳಿಯುತ್ತಾ ಬಳಿಯುತ್ತಾ, ಇಟ್ಟಿಗೆಯ ಸಂದಿನಲ್ಲಿ ಹೊರಟಿದ್ದ ಇರುವೆ ಸಾಲನ್ನು ತೋರಿಸಿದಳು. ಹಿಟ್ಟು, ಇರುವೆ, ಬಾಯಿ ಎಂದು ಸನ್ನೆ ಮಾಡಿದಳು. ಮರದ ಮೇಲಿದ್ದ ಗುಬ್ಬಿಯನ್ನು ತೋರಿಸಿದಳು. ತನ್ನ ಆರ್.ಟಿ. ನಗರದ ಉರ್ದುವಿನಲ್ಲಿ, "ಅಮ್ಮೀ, ಹಮಾರೇ ಉಧರ್ ಚೀಂಟೀ ಕಾ ನಾಷ್ಟಾ ಹೈ ಯೇ" ಎಂದಳು, ನಮ್ಮ ಕಡೆ ಇದು ಇರುವೆಗೆ ತಿಂಡಿ ಎಂದು. ಬೀಬಿಗೆ ಎಷ್ಟು ತಿಳಿಯಿತೋ. ಅವರು ಇರುವೆಗಳನ್ನು ನೋಡಿದರು, ನನ್ನನ್ನು ನೋಡಿದರು, ಕಣ್ಣೊರೆಸಿಕೊಂಡು ನಕ್ಕರು. ಎದ್ದು ಹೋಗಿ, ನಡುವೆ ಹೂವಿನ ಅಚ್ಚೊತ್ತಿದ ಬಿಸಿ ರೊಟ್ಟಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಕೊಟ್ಟರು. ಸರೋಜಳಿಗೆ.

ರಂಗೋಲಿ ನನ್ನದು, ತಪ್ಪೂ ನನ್ನದು. ರೊಟ್ಟಿ ಅವಳಿಗೆ.

ಅವಳು ಅದನ್ನು ಮುರಿದು ಅರ್ಧ ನನಗೆ ಕೊಟ್ಟಳು. ಕಟ್ಟೆಯ ಮೇಲೆ ಕೂತು ತಿಂದೆವು. ನನಗೆ ತಡೆಯಲಾಗಲಿಲ್ಲ.

"ನಿನ್ ನಕ್ಷೆ ಎಲ್ಲೇ? ನಂಗ್ ತೋರಿಸ್ಲೇ ಇಲ್ಲ."

"ಯಾವ್ ನಕ್ಷೆ?"

"ಹಾಲ್‌ನ ನೆಲಕ್ಕೆ. ಹರೀಶ ಕೇಳಿದ್ನಲ್ಲ."

"ಅಯ್ಯೋ, ನಾನ್ ಬರ್ದೇ ಇಲ್ಲ ಅಕ್ಕಾ. ನಂಗ್ಯಾಕೆ? ನೀವ್ ಬರ್ದಿದೀರಲ್ಲ, ಅದನ್ನೇ ಹಾಕ್ಸಿ."

"ಯಾಕೆ ಬೇಡ ನಿಂಗೆ? ಮುಂಬಾಗಿಲು ಕಣೇ ಅದು."

ಅವಳು ರೊಟ್ಟಿಯ ಚೂರನ್ನು ಗುಬ್ಬಿಗೆ ಎಸೆಯಹೋಗಿ, ಬೀಬಿಯ ನೆನಪಾಗಿ ಕೈ ಹಿಂತೆಗೆದು ಕಟ್ಟೆಯ ಮೇಲಿಟ್ಟಳು. "ಕಲ್ಲಲ್ಲಿ ಕೂರ್ಸಿಬಿಟ್ರೆ ಮಾರನೇ ದಿನ ಬೆಳಗ್ಗೆ ಎದ್ದು ನಾನೇನಕ್ಕಾ ಮಾಡ್ಲಿ?"

ಅವಳಿಗೆ ಬೇಡದೇ ಇದ್ದದ್ದಕ್ಕಾಗಿ ನಾನು ಮೂರು ಊರು ನಿದ್ದೆಗೆಟ್ಟಿದ್ದೆ. ಅವಳ ಮನಸ್ಸು ಬದಲಾಗುವ ಮೊದಲೇ ಎಂದು, ಕೈಗೆ ಹತ್ತಿದ್ದ ಹಿಟ್ಟನ್ನೂ ತೊಳೆಯದೆ ನಕ್ಷೆಯ ಚಿತ್ರ ತೆಗೆದು ಹರೀಶನಿಗೆ ಕಳಿಸಿದೆ. "ದೊಡ್ಡಮ್ಮ, ಸಖತ್ತಾಗಿದೆ! ಅಮ್ಮಂದೆಲ್ಲಿ?" ಎಂದು ಬಂತು. "ನಿಮ್ಮಮ್ಮಂಗೆ ಬೇಡ್ವಂತೆ" ಎಂದು ಬರೆದೆ. ಅದಕ್ಕೆ ಹೃದಯ ಬಂತು. ನನ್ನ ಲೆಕ್ಕಕ್ಕೆ ಬಂದ ಮೊದಲ ಹೃದಯ ಅದು. ಆದರೆ ಅವನು ಮೆಚ್ಚಿದ್ದು ನನ್ನ ನಕ್ಷೆಯನ್ನೋ ತನ್ನಮ್ಮನ ಮಾತನ್ನೋ ತಿಳಿಯಲಿಲ್ಲ.

ಮತ್ತೆ ಜಕ್ಕೂರು

ನೆಲವಾಯಿತು. ಬೂದು ಗ್ರಾನೈಟಿನ ನಡುವೆ ಬಿಳಿ ಕಲ್ಲಿನ ಪಟ್ಟಿಗಳು, ಯಂತ್ರದಲ್ಲಿ ಕತ್ತರಿಸಿ ಕೂರಿಸಿದ್ದು. ಹದಿನಾರು ಕೈಯೂ ಒಂದೇ ಅಳತೆ. ನಾನು ಮಂಡಿಯೂರಿ ತಪ್ಪು ಹುಡುಕಿದೆ, ಸಿಗಲಿಲ್ಲ. ಗೃಹಪ್ರವೇಶಕ್ಕೆ ಬಂದವರೆಲ್ಲ ಅದರ ಮೇಲೆ ನಿಂತು ಚಿತ್ರ ತೆಗೆಸಿಕೊಂಡರು. ಅಂದು ನಾನು ನೆಲಕ್ಕಿಂತ ಒಂದು ಗೇಣು ಮೇಲೆ ನಡೆಯುತ್ತಿದ್ದೆ.

ಮಾರನೆಯ ದಿನ ಎಂದಿನ ಹೊತ್ತಿಗೆ ಎದ್ದು ಬಕೆಟ್ಟು ಹಿಡಿದು ಕೆಳಗಿಳಿದೆ. ನೆಲ ಒರೆಸುವ ಮುನಿಯಮ್ಮ ಆಗಲೇ ಯಂತ್ರ ಓಡಿಸಿ ಮುಗಿಸಿದ್ದಳು. "ನೀವ್ಯಾಕೆ ಬಂದ್ರಿ ದೊಡ್ಡಮ್ನೋರೆ? ಇನ್ನೇನೂ ಕೆಲ್ಸ ಇಲ್ಲ ಓಗಿ" ಎಂದಳು. ಖಾಲಿ ಬಕೆಟ್ಟಿನೊಂದಿಗೆ ಮೇಲೆ ಬಂದೆ.

ಅಂದಿನಿಂದ ಬೆಳಗ್ಗೆ ಕೆರೆಯ ಕಡೆ ವಾಕಿಂಗ್ ಹೋಗುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ಹೋಗುವಾಗ ಎಲ್ಲವೂ ಕಣ್ಣಿಗೆ ಬೀಳುತ್ತದೆ. ನನ್ನ ನಕ್ಷತ್ರದ ಮೇಲೆ ನೀರಿನ ಕ್ಯಾನುಗಳು ಉರುಳುತ್ತವೆ, ಗ್ಯಾಸಿನ ಸಿಲಿಂಡರು ಉರುಳುತ್ತದೆ, ಆಫೀಸಿಗೆ ಹೋಗುವವರು ಫೋನಿನಲ್ಲಿ ಮಾತಾಡುತ್ತಾ ಬೂಟುಗಾಲಿನಲ್ಲಿ ಹಾದುಹೋಗುತ್ತಾರೆ. ಯಾರೂ ಕೆಳಗೆ ನೋಡುವುದಿಲ್ಲ. ಕಲ್ಲು ತಾನೇ, ಏನೂ ಆಗುವುದಿಲ್ಲ.

ಗಾಜಿನ ಬಾಗಿಲಿನ ಆಚೆ, ಮೆಟ್ಟಿಲ ಬುಡದಲ್ಲಿ ಸರೋಜ. ನೀರು ಚೆಲ್ಲಿ, ಕುಕ್ಕರಗಾಲಿನಲ್ಲಿ ಕೂತು, ದಿನಕ್ಕೊಂದು ಬಳ್ಳಿ ಬಿಡುತ್ತಾಳೆ. ಸಿಲಿಂಡರಿನವನು ಅಲ್ಲಿಗೆ ಬಂದಾಗ ಸಿಲಿಂಡರನ್ನು ಹೆಗಲಿಗೆ ಎತ್ತಿಕೊಳ್ಳುತ್ತಾನೆ. ಫೋನಿನವರು ಮಾತು ನಿಲ್ಲಿಸಿ ಪಕ್ಕಕ್ಕೆ ಹೆಜ್ಜೆ ಹಾಕುತ್ತಾರೆ. ಮೂರನೇ ಮಹಡಿಯ ನಿವೃತ್ತ ವಾಯುಪಡೆಯವರು ನಾಯಿಯ ಹಗ್ಗ ಬಿಗಿಹಿಡಿದು, "ಸಾರಿ ಕಣಮ್ಮಾ" ಎನ್ನುತ್ತಾರೆ. ಮಧ್ಯಾಹ್ನದ ಗಾಳಿಗೆ ಅದು ಚೆದುರಿ ಹೋಗಿರುತ್ತದೆ, ಆದರೆ ಅಲ್ಲಿಯವರೆಗೆ ಅದನ್ನು ತುಳಿದವರನ್ನು ನಾನು ಕಂಡಿಲ್ಲ.

ಇವತ್ತು ಬೆಳಗ್ಗೆಯೂ ವಾಕಿಂಗ್ ಬೂಟು ಹಾಕಿಕೊಂಡು ಇಳಿದೆ. ನನ್ನ ನಕ್ಷತ್ರವನ್ನು ನೇರವಾಗಿ ದಾಟಿ, ಗಾಜಿನ ಬಾಗಿಲು ತಳ್ಳಿ, ಮೆಟ್ಟಿಲಿಳಿದೆ. ಸರೋಜಳ ಬಳ್ಳಿ ಇಂದು ದಾರಿಯ ಈ ಅಂಚಿನಿಂದ ಆ ಅಂಚಿನವರೆಗೂ ಹಬ್ಬಿತ್ತು. ಅವಳು ತಲೆಯೆತ್ತಲಿಲ್ಲ, ಬೆರಳ ಸಂದಿನಿಂದ ಪುಡಿ ಇಳಿಯುತ್ತಲೇ ಇತ್ತು. ನಾನು ಸೀರೆಯ ನೆರಿಗೆ ಎತ್ತಿ ಹಿಡಿದು, ಒದ್ದೆ ಹುಲ್ಲಿನ ಮೇಲೆ ಕಾಲಿಟ್ಟು, ಸುತ್ತಿ ಹೋದೆ.